"ಮಾತ್ರೆ ತಗೊಂಡೆನಾ, ಇಲ್ವಾ?": ಹೃದಯ ಕಸಿಯ ನಂತರದ ಮರೆವು

ವಯಸ್ಸು 48. ಬಿ.ಕಾಂ. ಓದಿ, ಅಡಿಕೆ ಮಂಡಿಯೊಂದರಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವರು. ಹೃದಯ ಕಸಿಯಾಗಿ ಎಂಟು ತಿಂಗಳು. (ಗುರುತು ಸಿಗದಂತೆ ವಿವರ ಬದಲಿಸಿದೆ.) ಹೃದಯದ ವರದಿಗಳೆಲ್ಲ ಚೆನ್ನಾಗಿದ್ದವು, ಮನೆಯಲ್ಲಿ ನೆಮ್ಮದಿ ಇರಲಿಲ್ಲ. "ಹೇಳಿದ್ದು ಒಂದೂ ನೆನಪಿರಲ್ಲ ಮೇಡಂ, ಬೇಕಂತಲೇ ಮಾಡ್ತಾರೇನೋ" ಎಂದು ಪತ್ನಿ ಅತ್ತರು. ಗಂಡ ತಲೆ ತಗ್ಗಿಸಿಕೊಂಡೇ ಕೇಳಿದರು: "ಬೇರೆಯವರ ಹೃದಯ ಹಾಕಿದ್ದಕ್ಕೆ ನನ್ನ ನೆನಪೂ ಹೋಯ್ತಾ?"

ಮೊದಲು ಉತ್ತರಿಸಬೇಕಾದ್ದು ಈ ಪ್ರಶ್ನೆಗೆ. ನೆನಪು ಇರುವುದು ಮಿದುಳಿನಲ್ಲಿ. ದಾನಿಯ ಹೃದಯದ ಕೆಲಸ ರಕ್ತ ಹರಿಸುವುದು. ತೊಂದರೆ ಕಸಿಗೂ ಮೊದಲೇ ಶುರುವಾಗಿರಬಹುದು, ಏಕೆಂದರೆ ಸೋತ ಹೃದಯ ವರ್ಷಗಟ್ಟಲೆ ಮಿದುಳಿಗೆ ಸಾಕಷ್ಟು ರಕ್ತ ಕಳಿಸಿರುವುದಿಲ್ಲ. ಅದರ ಮೇಲೆ ಆಪರೇಷನ್ ವೇಳೆ ಹೃದಯ-ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮಷಿನ್, ಐಸಿಯುನಲ್ಲಿ ನಾಲ್ಕು ದಿನದ ಡೆಲಿರಿಯಂ (ದಿಢೀರ್ ಬರುವ ಮನಸ್ಸಿನ ಗೊಂದಲ), ಸ್ಟಿರಾಯ್ಡ್‌ನಿಂದ ಕೆಟ್ಟ ನಿದ್ದೆ. ಕಸಿಯ ನಂತರ ಹಲವರ ತಲೆ ಚುರುಕಾಗುತ್ತದೆ, ಕೆಲವರಲ್ಲಿ ಕೊರತೆ ಉಳಿಯುತ್ತದೆ.

ನೆನಪು, ಗಮನ ಮೊದಲಾದವನ್ನು ಚುಟುಕಾಗಿ ಅಳೆಯುವ ಮೋಕಾ ಪರೀಕ್ಷೆಯ ಕನ್ನಡ ರೂಪದಲ್ಲಿ 30ಕ್ಕೆ 23 ಬಂತು. ಸಾಮಾನ್ಯವಾಗಿ ಕನಿಷ್ಠ 26 ಇರಬೇಕು. ಐದು ಪದಗಳಲ್ಲಿ ತಾವಾಗಿ ನೆನೆದದ್ದು ಎರಡು, ಸುಳಿವು ಕೊಟ್ಟಾಗ ಇನ್ನೆರಡು ಬಂದವು. ಅಂದರೆ ವಿಷಯ ಒಳಗೆ ಸೇರಿದೆ, ಹುಡುಕಿ ತೆಗೆಯುವುದು ನಿಧಾನವಾಗಿದೆ. ನೂರರಿಂದ ಏಳೇಳು ಕಳೆಯುವಾಗ, ಅದೂ ಲೆಕ್ಕದವರು, ಎರಡು ಕಡೆ ನಿಂತರು. ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 11: ಮಧ್ಯಮ ಖಿನ್ನತೆಯ ಸೂಚನೆ. ಖಿನ್ನತೆಯೂ ಮರೆವನ್ನು ಹೆಚ್ಚಿಸುತ್ತದೆ.

ಇದಕ್ಕಿಂತ ಗಾಬರಿ ಹುಟ್ಟಿಸಿದ್ದು ಮಾತ್ರೆಯ ವಿಷಯ. ಒಂದು ರಾತ್ರಿ ಎಂಟಕ್ಕೆ ಟ್ಯಾಕ್ರೊಲಿಮಸ್ (ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ) ನುಂಗಿದ್ದಾರೆ. ಒಂಬತ್ತಕ್ಕೆ ಮಗ ಕೇಳಿದಾಗ ಇಲ್ಲವೆಂದು ಮತ್ತೆ ನುಂಗಿದ್ದಾರೆ. ಇನ್ನೊಮ್ಮೆ ಪೂರ್ತಿ ಬಿಟ್ಟಿದ್ದಾರೆ. ಈ ಔಷಧ ರಕ್ತದಲ್ಲಿ ಕಡಿಮೆಯಾದರೆ ದೇಹ ಹೊಸ ಹೃದಯವನ್ನು ತಿರಸ್ಕರಿಸಬಹುದು. ಹೆಚ್ಚಾದರೆ ಕೈನಡುಕ, ತಲೆನೋವು, ಗೊಂದಲ, ಕಿಡ್ನಿಗೆ ಪೆಟ್ಟು. ಮರೆವಿನಿಂದ ಡೋಸ್ ತಪ್ಪುತ್ತದೆ, ಡೋಸ್ ಹೆಚ್ಚಾದರೆ ಮರೆವು ಇನ್ನೂ ಬಿಗಡಾಯಿಸುತ್ತದೆ.

ಹಾಗಾಗಿ ಮಾತ್ರೆಯ ಭಾರವನ್ನು ಅವರ ನೆನಪಿನ ಮೇಲಿಂದ ಇಳಿಸಿದೆವು. ವಾರಕ್ಕೆ 14 ಖಾನೆಯ ಡಬ್ಬಿ. ಭಾನುವಾರ ಅವರು ತುಂಬಬೇಕು, ಪತ್ನಿ ಎಣಿಸಬೇಕು. ಕ್ಯಾಪ್ಸುಲ್ ಬಿಚ್ಚದೆ, ಸ್ಟ್ರಿಪ್ಪನ್ನು ಕತ್ತರಿಸಿ ತುಂಡಾಗಿಯೇ ಇಡಬೇಕು, ತೇವ ತಾಕಬಾರದು. ಬೆಳಿಗ್ಗೆ 8, ರಾತ್ರಿ 8. ಅಲಾರಂ ಒಂದೇ ಸಾಲದು: ಆಫ್ ಮಾಡಿದ ಕೂಡಲೇ ಮಾತ್ರೆ ತೆಗೆದುಕೊಂಡಂತೆ ಅನಿಸಿಬಿಡುತ್ತದೆ. ಫೋನ್ ಡಬ್ಬಿಯ ಪಕ್ಕದಲ್ಲೇ ಇರಲಿ, ನುಂಗಿದ ಮೇಲೆಯೇ ಅಲಾರಂ ನಿಲ್ಲಲಿ. ಅನುಮಾನ ಬಂದರೆ ಖಾನೆ ನೋಡಬೇಕು, ಯಾರನ್ನೂ ಕೇಳಬಾರದು. ಬಿಟ್ಟುಹೋದ ಡೋಸಿಗೆ ಎರಡು ನುಂಗದೆ ಕಸಿ ಸಂಯೋಜಕರಿಗೆ ಫೋನ್ ಮಾಡಬೇಕು. ರಕ್ತದಲ್ಲಿ ಔಷಧದ ಮಟ್ಟ ನೋಡುವ ಲೆವೆಲ್ ಪರೀಕ್ಷೆಯ ದಿನ ರಕ್ತ ಕೊಟ್ಟ ನಂತರವೇ ಬೆಳಗಿನ ಡೋಸ್. ಇಲ್ಲದಿದ್ದರೆ ವರದಿ ತಪ್ಪು ಹೇಳುತ್ತದೆ. ಅಂಗಡಿಯವರು ಬೇರೆ ಬ್ರ್ಯಾಂಡ್ ಕೊಟ್ಟರೆ ವೈದ್ಯರನ್ನು ಕೇಳದೆ ತರಬಾರದು. ಚಕ್ಕೋತ, ದೇವನಹಳ್ಳಿಯದೇ ಆದರೂ, ಬೇಡ. ಅದು ಔಷಧದ ಮಟ್ಟ ಏರಿಸುತ್ತದೆ. ಕೆಲವು ಫಂಗಸ್ ಔಷಧ ಮತ್ತು ಆ್ಯಂಟಿಬಯೋಟಿಕ್‌ಗಳೂ ಏರಿಸುತ್ತವೆ.

ಕಸಿ ತಂಡಕ್ಕೆ ಪತ್ರ ಬರೆದು ಡೋಸ್ ತಪ್ಪಿದ್ದು, ನಡುಕ, ಖಿನ್ನತೆಯ ಅಂಕ ತಿಳಿಸಿದೆವು. ಮೆಗ್ನೀಸಿಯಂ, ಸಕ್ಕರೆ, ಕಿಡ್ನಿ, ಥೈರಾಯ್ಡ್, ಬಿ12 ನೋಡಲು ಕೋರಿದೆವು. ತೀವ್ರ ತಲೆನೋವು, ಮಂಜು ದೃಷ್ಟಿ, ಫಿಟ್ಸ್, ದಿಢೀರ್ ಗೊಂದಲ, ಒಂದು ಬದಿ ಬಲಹೀನವಾಗುವುದು ಕಂಡರೆ ನಮಗಾಗಿ ಕಾಯದೆ ಆಸ್ಪತ್ರೆಗೆ ಹೋಗಲು ಹೇಳಿದೆವು.

ಮಂಡಿ ಲೆಕ್ಕ ಬೆಳಿಗ್ಗೆ 40 ನಿಮಿಷ, ಫೋನಿಲ್ಲದೆ, ಒಂದೇ ಪುಸ್ತಕ. ಮೊತ್ತವನ್ನು ಇನ್ನೊಬ್ಬರು ತಾಳೆ ನೋಡಬೇಕು. ನಡಿಗೆಗೆ ಮುನ್ನ ಹತ್ತು ನಿಮಿಷ ಮೆಲ್ಲಗೆ, ಏಕೆಂದರೆ ನರಗಳು ಕಡಿದ ಹೊಸ ಹೃದಯ ಬಡಿತ ಏರಿಸಲು ಸಮಯ ಬೇಡುತ್ತದೆ. ಪತ್ನಿಗೆ ಹೇಳಿದ್ದು: ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಹಲಗೆಯ ಮೇಲೆ ಬರೆದಿಡಿ. "ನೆನಪಿಲ್ವಾ?" ಎನ್ನುವ ಬದಲು ಸುಳಿವು ಕೊಡಿ.

ಆರು ವಾರದ ನಂತರ ಡಬ್ಬಿ ಒಮ್ಮೆಯೂ ತಪ್ಪಿರಲಿಲ್ಲ, ನಡುಕ ಇಳಿದಿತ್ತು. ಲೆಕ್ಕ ಇನ್ನೂ ನಿಧಾನ, ಹೊಸ ಹೆಸರುಗಳು ಈಗಲೂ ಜಾರುತ್ತವೆ. ಆರು ತಿಂಗಳಿಗೆ ಮೋಕಾದ ಬೇರೆ ಪ್ರತಿಯಲ್ಲಿ ಮತ್ತೆ ಪರೀಕ್ಷಿಸುತ್ತೇವೆ. ಅದೇ ಪದಗಳಾದರೆ ಅಭ್ಯಾಸದಿಂದ ಅಂಕ ಏರಿಬಿಡುತ್ತದೆ.