ಒಂದೇ ವಾರದಲ್ಲಿ ಮಸಾಯಿ ಮಾರಾ, ಸೆರೆಂಗೆಟಿ, ಗೊರೊಂಗೊರೊ ಮೂರನ್ನೂ ಟೆಂಟ್‌ನಲ್ಲಿದ್ದುಕೊಂಡು ನೋಡಬಹುದಾ?

ಆಗಸ್ಟ್ ತಿಂಗಳು, ಒಂದು ವಾರ ರಜೆ, ಕೀನ್ಯಾದಲ್ಲಿ ಶುರು ಮಾಡಿ ತಾಂಜಾನಿಯಾದಲ್ಲಿ ಮುಗಿಸೋದು, ಜೊತೆಗೆ ರಾತ್ರಿ ಟೆಂಟ್ ಹತ್ತಿರ ಪ್ರಾಣಿ ಬಂದರೆ ಏನು ಗತಿ ಅನ್ನೋ ಭಯ. ನನ್ನದೇ ಹಳೆಯ ಎಕ್ಸೆಲ್ ಶೀಟನ್ನು ಯಾರೋ ಕದ್ದು ಪ್ರಶ್ನೆ ಮಾಡಿ ಹಾಕಿದ ಹಾಗಿದೆ. ಪ್ರಾಣಿ ವಿಷಯ ಆಮೇಲೆ. ಮೊದಲು ಮ್ಯಾಪ್ ನೋಡಿ.

ಮಸಾಯಿ ಮಾರಾ ಕೀನ್ಯಾದ ವನ್ಯಜೀವಿ ಮೀಸಲು ಪ್ರದೇಶ, ಸೆರೆಂಗೆಟಿ ತಾಂಜಾನಿಯಾದ ರಾಷ್ಟ್ರೀಯ ಉದ್ಯಾನ, ಗೊರೊಂಗೊರೊ ಅದೇ ದೇಶದ, ಪ್ರಾಣಿಗಳು ತುಂಬಿರುವ ಹಳೆಯ ಜ್ವಾಲಾಮುಖಿ ಕುಳಿ. ಮಾರಾದ ದಕ್ಷಿಣದ ಅಂಚೇ ಸೆರೆಂಗೆಟಿಯ ಉತ್ತರದ ಅಂಚು. ನಡುವೆ ಬೇಲಿಯೂ ಇಲ್ಲ. ಕೀನ್ಯಾ ಕಡೆ ಸ್ಯಾಂಡ್ ರಿವರ್ ಗೇಟ್, ಆ ಕಡೆ ತಾಂಜಾನಿಯಾದ ಬೊಲೊಗೊಂಜಾ. ಮಾರಾದಲ್ಲಿ ತಿಂಡಿ ಮುಗಿಸಿ ಹೊರಟರೆ ಸೆರೆಂಗೆಟಿಯಲ್ಲಿ ಊಟ ಅಂತ ನಾನು ಲೆಕ್ಕ ಹಾಕಿದೆ. ನೈರೋಬಿಯ ಏಜೆಂಟ್ ಎರಡು ಸಲ ಬರೆದ, ಬೇಡ, ಒಂದೇ ದೇಶ ಇಟ್ಟುಕೊಳ್ಳಿ ಅಂತ. ತಾಂಜಾನಿಯಾದ ವ್ಯಾಪಾರ ಇನ್ನೊಬ್ಬರ ಪಾಲಾಗುತ್ತದೆ ಅನ್ನೋ ಹೊಟ್ಟೆಯುರಿ ಇರಬೇಕು ಅಂದುಕೊಂಡೆ. ಹಟ ಹಿಡಿದೆ. ಅವನೂ ಪಾಪ, 'ಸರಿ, ಗಡಿ ತನಕ ಬಿಡುತ್ತೇನೆ' ಅಂದ. 'ಗಡಿ' ಅಂದರೆ ಯಾವ ಗಡಿ ಅಂತ ಕೇಳಲೇ ಇಲ್ಲ ನಾನು. ಅಲ್ಲೇ ಕೆಟ್ಟಿದ್ದು.

ಆ ಬೊಲೊಗೊಂಜಾ ದಾರಿಯಲ್ಲಿ ಪ್ರವಾಸಿಗರನ್ನು ಬಿಡುವುದಿಲ್ಲ. 1977ರಲ್ಲಿ ಪೂರ್ವ ಆಫ್ರಿಕಾ ಸಮುದಾಯ, ಅಂದರೆ ಕೀನ್ಯಾ, ತಾಂಜಾನಿಯಾ, ಉಗಾಂಡಾಗಳ ಒಕ್ಕೂಟ, ಒಡೆದಾಗ ತಾಂಜಾನಿಯಾ ಕೀನ್ಯಾದ ಗಡಿಯನ್ನೇ ಮುಚ್ಚಿತು. 1983ರಲ್ಲಿ ಗಡಿ ತೆರೆಯಿತು, ಸಮುದಾಯವೂ 2000ದಲ್ಲಿ ಮತ್ತೆ ಹುಟ್ಟಿತು. ಈ ದಾರಿ ಮಾತ್ರ ತೆರೆಯಲಿಲ್ಲ. ತೆರೆದರೆ ಜನ ನೈರೋಬಿಯಲ್ಲಿ ಇಳಿದು, ಅಲ್ಲೇ ಖರ್ಚು ಮಾಡಿ, ಸೆರೆಂಗೆಟಿಗೆ ಸುಮ್ನೆ ಒಂದು ಸುತ್ತು ಬಂದು ಹೋಗುತ್ತಾರೆ ಅನ್ನೋದು ತಾಂಜಾನಿಯಾದ ಲೆಕ್ಕ. ಅವರ ಜಾಗದಲ್ಲಿ ನಾನಿದ್ದರೂ ಮುಚ್ಚಿಯೇ ಇಡುತ್ತಿದ್ದೆ.

ಹಾಗಾಗಿ ನಾವು ಸುತ್ತಿದೆವು. ಮಾರಾದಿಂದ ಪಶ್ಚಿಮಕ್ಕೆ, ಮಿಗೋರಿ ದಾಟಿ, ಇಸೆಬಾನಿಯಾ ಅನ್ನೋ ಗಡಿ ಊರು. ಅಲ್ಲಿ ಇನ್ನೊಂದು ಪಾಠ. ಕೀನ್ಯಾದ ಸಫಾರಿ ಗಾಡಿ ತಾಂಜಾನಿಯಾದ ಪಾರ್ಕಿನೊಳಗೆ ಹೋಗುವ ಹಾಗಿಲ್ಲ. ಗಾಡಿ ಅಲ್ಲೇ ನಿಲ್ಲಬೇಕು. ಲಾಡ್ಜ್ ಸಫಾರಿಯಾಗಿದ್ದರೆ ಬರೀ ಬ್ಯಾಗ್ ಎತ್ತಿಟ್ಟರೆ ಮುಗಿಯಿತು. ಕ್ಯಾಂಪಿಂಗ್‌ನಲ್ಲಿ ಗಾಡಿ ಅಂದರೆ ಮನೆ. ಟೆಂಟು, ಹಾಸಿಗೆ, ಗ್ಯಾಸು, ಪಾತ್ರೆ, ನಮಗೆ ಈರುಳ್ಳಿ ಜಾಸ್ತಿ ಬೇಕು ಅಂತ ಅಷ್ಟೊತ್ತಿಗೆ ಕಲಿತಿದ್ದ ಅಡುಗೆಯವನು, ಎಲ್ಲ ವಾಪಸ್ ನೈರೋಬಿಗೆ ಹೋಯಿತು. ಆ ಕಡೆ ಸಿರಾರಿಯಲ್ಲಿ ಹೊಸ ಡ್ರೈವರ್, ಹೊಸ ಅಡುಗೆಯವನು, ಹೊಸ ಟೆಂಟು. ಅವರು ತಾಂಜಾನಿಯಾದ ಸಫಾರಿಗಳು ಹೊರಡುವ ಊರಾದ ಅರುಷಾದಿಂದ ಅಷ್ಟು ದೂರ ಖಾಲಿ ಬಂದದ್ದಕ್ಕೆ ದುಡ್ಡು ಕೊಟ್ಟವರು ನಾವೇ.

ಗಡಿಯಲ್ಲಿ ಹಳದಿ ಜ್ವರದ ಲಸಿಕೆ ಕಾರ್ಡ್ ಕೇಳಿದರು. ನಮ್ಮ ಭಾವಮೈದನ ಕಾರ್ಡ್ ದೊಡ್ಡ ಬ್ಯಾಗಿನ ತಳದಲ್ಲಿತ್ತು. ಅದನ್ನು ಹುಡುಕಿದ್ದು, ವೀಸಾ ಸಾಲು, ಸಾಮಾನು ಬದಲಾಯಿಸಿದ್ದು ಎಲ್ಲ ಸೇರಿ ಹೊತ್ತು ಇಳಿಯಿತು. ಸೆರೆಂಗೆಟಿಯ ಗೇಟ್ ಸಂಜೆ 6ಕ್ಕೆ ಮುಚ್ಚುತ್ತದೆ. ಕತ್ತಲಲ್ಲಿ ಪಾರ್ಕಿನೊಳಗೆ ಗಾಡಿ ಓಡಿಸುವ ಹಾಗಿಲ್ಲ. ಅವತ್ತು ರಾತ್ರಿ ಸೆರೆಂಗೆಟಿಯ ನಡುವಿನ ಸೆರೊನೆರಾದ ಬಯಲಲ್ಲಿ ಸಿಂಹದ ಸದ್ದು ಕೇಳುತ್ತಾ ಮಲಗಬೇಕಿದ್ದ ನಾವು ಬುಂಡಾ ಊರಿನ ರಸ್ತೆ ಬದಿಯ ಹೋಟೆಲಿನಲ್ಲಿ ಲಾರಿ ಸದ್ದು ಕೇಳುತ್ತಾ ಮಲಗಿದೆವು. ಕ್ಯಾಂಪಿನ ದುಡ್ಡು ಮೊದಲೇ ಕಟ್ಟಿ ಆಗಿತ್ತು.

ಮರುದಿನ ವಿಕ್ಟೋರಿಯಾ ಸರೋವರದ ಕಡೆಯ ಎನ್‌ಡಬಾಕಾ ಗೇಟಿನಿಂದ ಒಳಗೆ ಹೋದೆವು. ಆ ದಾರಿಯಲ್ಲಿ ರಕ್ತ ಹೀರುವ ಸೆಟ್ಸೆ ನೊಣ. ಕಡು ನೀಲಿ, ಕಪ್ಪು ಬಟ್ಟೆ ಕಂಡರೆ ಮುತ್ತುತ್ತವೆ. ಅಲ್ಲಿ ನೊಣ ಹಿಡಿಯೋಕೆ ತೂಗುಹಾಕುವ ಬಟ್ಟೆಗಳೂ ಅದೇ ಬಣ್ಣ. ಭಾವಮೈದ ನೀಲಿ ಜೀನ್ಸ್ ಹಾಕಿದ್ದ. ಟ್ರಿಪ್ ಮುಗಿಯುವ ತನಕ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಮೂರನ್ನೂ ಹೇಗೆ ಹೊಂದಿಸೋದು ಅಂತ ಕೇಳಿದ್ದೀರಿ. ಹೊಂದಿಸಬೇಡಿ. ಮಾರಾವನ್ನು ಕಿತ್ತುಹಾಕಿ. ಆಗಸ್ಟ್‌ನಲ್ಲಿ ವಿಲ್ಡೆಬೀಸ್ಟ್ (ದನದ ಹಾಗೆ ಕಾಣುವ ಕಾಡುಪ್ರಾಣಿ) ಹಿಂಡು ಮಾರಾ ನದಿ ದಾಟುವುದನ್ನು ನೋಡಬೇಕು, ಅದಕ್ಕೇ ಕೀನ್ಯಾ ಬೇಕು ಅಂತ ತಾನೇ? ಆ ನದಿ ತಾಂಜಾನಿಯಾದೊಳಗೂ ಹರಿಯುತ್ತದೆ. ಸೆರೆಂಗೆಟಿಯ ಉತ್ತರ ತುದಿಯ ಕೊಗಟೆಂಡೆಯಲ್ಲೂ ಹಿಂಡುಗಳು ದಾಟುತ್ತವೆ. ದುಡ್ಡಿನ ಲೆಕ್ಕವೂ ಹಾಗೇ ಹೇಳುತ್ತದೆ. 2024ರಿಂದ ಮಾರಾದ ಪ್ರವೇಶ ಶುಲ್ಕ ವಿದೇಶಿಯರಿಗೆ ಜುಲೈನಿಂದ ಡಿಸೆಂಬರ್ ತನಕ ದಿನಕ್ಕೆ ತಲಾ 200 ಡಾಲರ್. ಆ ಟಿಕೆಟ್ ಬೆಳಗ್ಗೆ 6ರಿಂದ ಸಂಜೆ 6ರ ತನಕ ಮಾತ್ರ. ಸೆರೆಂಗೆಟಿಗೆ ನಾನು ಕಟ್ಟಿದ್ದು 24 ಗಂಟೆಗೆ 70 ಡಾಲರ್ ಮತ್ತು 18% ವ್ಯಾಟ್. ಕ್ಯಾಂಪಿಂಗ್ ಶುಲ್ಕ ಬೇರೆ, ಆದರೂ ಲೆಕ್ಕ ಯಾವ ಕಡೆ ವಾಲುತ್ತದೆ ನೋಡಿ. 'ಈಸ್ಟ್ ಆಫ್ರಿಕಾ ಟೂರಿಸ್ಟ್ ವೀಸಾ' ಒಂದಿದ್ದರೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಕೀನ್ಯಾ, ಉಗಾಂಡಾ, ರುವಾಂಡಾಕ್ಕೆ ಮಾತ್ರ.

ಅರುಷಾದಲ್ಲಿ ಶುರು ಮಾಡಿ ಅರುಷಾದಲ್ಲೇ ಮುಗಿಸಿ. ಮೊದಲು ತರಂಗಿರೆ ಪಾರ್ಕ್. ಒಣ ಕಾಲದಲ್ಲಿ ಅಲ್ಲಿನ ನದಿ ಹತ್ತಿರ ಸೇರುವಷ್ಟು ಆನೆಗಳನ್ನು ನಾನು ಕಬಿನಿಯ ಹಿನ್ನೀರಲ್ಲೂ ನೋಡಿಲ್ಲ. ಆಮೇಲೆ ಸೆರೆಂಗೆಟಿ, ಮಿಕ್ಕ ದಿನದಲ್ಲಿ ಮುಕ್ಕಾಲು ಪಾಲು ಅಲ್ಲೇ ಇರಿ. ಉತ್ತರಕ್ಕೆ ಹೋಗುವುದಾದರೆ ದಾರಿಯಲ್ಲಿ ಲೋಬೊ ಕ್ಯಾಂಪ್ ಸಿಗುತ್ತದೆ. ವಾಪಸ್ ಬರುವಾಗ ಗೊರೊಂಗೊರೊ. ಮನ್ಯಾರಾ ಸರೋವರವನ್ನೂ ಸೇರಿಸಿ ಅಂತ ಎಲ್ಲರೂ ಹೇಳುತ್ತಾರೆ, ನಾನು ಹೇಳಲ್ಲ.

ಟೆಂಟ್ ಭಯದ ವಿಷಯ. ಸೆರೊನೆರಾದ ಸಾರ್ವಜನಿಕ ಕ್ಯಾಂಪ್‌ಗಳಿಗೆ ಬೇಲಿ ಇಲ್ಲ, ನಿಜ. ಕತ್ತೆಕಿರುಬ ಟೆಂಟಿನ ಪಕ್ಕದಲ್ಲೇ ಓಡಾಡುತ್ತದೆ, ಅದೂ ನಿಜ. ಆದರೆ ಮುಚ್ಚಿದ ಟೆಂಟನ್ನು ಅವು ಸಾಮಾನ್ಯವಾಗಿ ಮುಟ್ಟಲ್ಲ. ನೀವು ಕೆಣಕದಿದ್ದರೆ ಸಾಕು. ಒಳಗೆ ಬಿಸ್ಕತ್ತು, ಚಕ್ಲಿ, ಹಣ್ಣು ಏನೂ ಇಡಬೇಡಿ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯೂ ಗಾಡಿಯಲ್ಲೇ ಇರಲಿ. ರಾತ್ರಿ ಶೌಚಕ್ಕೆ ಹೋಗಬೇಕಾದರೆ ಮೊದಲು ಜಿಪ್ ಸ್ವಲ್ಪ ತೆಗೆದು ಟಾರ್ಚ್ ಸುತ್ತ ಹಾಯಿಸಿ. ಹೊಳೆಯುವ ಕಣ್ಣು ಕಂಡರೆ ಒಳಗೇ ಇರಿ. ಆದ್ದರಿಂದ ಸಂಜೆ ಮೇಲೆ ನೀರು ಕಡಿಮೆ ಕುಡಿಯಿರಿ.

ನಿಜವಾಗಿ ಕಷ್ಟ ಕೊಡೋದು ಚಳಿ. ಗೊರೊಂಗೊರೊದಲ್ಲಿ ಕ್ಯಾಂಪ್ ಇರುವುದು ಕುಳಿಯ ಒಳಗಲ್ಲ, ಮೇಲಿನ ಅಂಚಿನಲ್ಲಿ. 2,200 ಮೀಟರ್‌ಗಿಂತ ಜಾಸ್ತಿ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಆಗಸ್ಟ್ ಅಲ್ಲಿ ಚಳಿಗಾಲ. ಆಫ್ರಿಕಾ ಅಲ್ವಾ ಅಂತ ಹತ್ತಿ ಬಟ್ಟೆ ತುಂಬಿಕೊಂಡು ಹೋಗಬೇಡಿ. ಉಣ್ಣೆ ಟೋಪಿ, ದಪ್ಪ ಸ್ವೆಟರ್ ಬೇಕೇ ಬೇಕು. ಸ್ಲೀಪಿಂಗ್ ಬ್ಯಾಗ್ ಎಷ್ಟು ಡಿಗ್ರಿ ತನಕ ತಡೆಯುತ್ತದೆ ಅಂತ ಬುಕ್ ಮಾಡುವಾಗಲೇ ಬರವಣಿಗೆಯಲ್ಲಿ ಕೇಳಿ.

ಊಟಕ್ಕೆ ಚಿಂತೆ ಬೇಡ. ಚಪಾತಿ ಅಲ್ಲಿಯವರ ದಿನನಿತ್ಯದ ತಿಂಡಿಯೇ. ಕಾಳಿನ ಪಲ್ಯ, ಎಲೆಕೋಸು, ಅನ್ನ ಚೆನ್ನಾಗೇ ಮಾಡುತ್ತಾರೆ. ಗೊರೊಂಗೊರೊ ಕುಳಿಯೊಳಗೆ ಮಾತ್ರ ಊಟದ ಡಬ್ಬಿಯನ್ನು ಗಾಡಿ ಒಳಗೇ ಕೂತು ಬಿಚ್ಚಿ. ಹೊರಗೆ ನಿಂತರೆ ಹದ್ದು ಬಂದು ಕೈಯಿಂದಲೇ ಕಿತ್ತುಕೊಂಡು ಹೋಗುತ್ತದೆ.

ಒಂದು ಕೇಳಬೇಕಿತ್ತು. ಆಗಸ್ಟೇ ಆಗಬೇಕಾ, ಅಥವಾ ಮಕ್ಕಳ ಶಾಲೆಯ ಕಾರಣಕ್ಕಾ? ರಜೆಯನ್ನು ಫೆಬ್ರವರಿಗೆ ತಳ್ಳಲು ಆದರೆ ಹಿಂಡು ನದಿ ದಾಟುವುದನ್ನು ನೋಡುವ ಆಸೆಯನ್ನೇ ಬಿಟ್ಟುಬಿಡಿ. ಆಗ ಹಿಂಡು ದಕ್ಷಿಣದ ಎನ್‌ಡುಟು ಬಯಲಲ್ಲಿರುತ್ತದೆ, ಕರು ಹಾಕುವ ಕಾಲ. ಅರುಷಾದಿಂದ ದಾರಿಯೂ ಕಡಿಮೆ. ತಿಂಗಳು ತಿಳಿಸಿ, ಅದಕ್ಕೆ ತಕ್ಕ ಹಾಗೆ ದಾರಿ ಬರೆದು ಕೊಡುತ್ತೇನೆ.