ಯಾವ ಫ್ಲ್ಯಾಶ್ ತಗೊಳ್ಲಿ ಅಂತ ಕೇಳೋ ಮೊದ್ಲು ನಿಮ್ಮ ಕ್ಯಾಮೆರಾ ಯಾವುದು ಅಂತ ಹೇಳಿ

ಪ್ರಶ್ನೆ: ಸರ್, ಹೊಸದಾಗಿ ಕ್ಯಾಮೆರಾ ತಗೊಂಡಿದೀನಿ, ಅದರ ಜೊತೆ ಬಂದ 18-55 ಲೆನ್ಸ್ ಒಂದೇ ಇರೋದು. ಮನೆ ಒಳಗೆ ಮಕ್ಕಳ ಫೋಟೊ ತೆಗೆದ್ರೆ ಎಲ್ಲಾ ಅಲ್ಲಾಡಿರತ್ತೆ, ಕ್ಯಾಮೆರಾದಲ್ಲೇ ಇರೋ ಫ್ಲ್ಯಾಶ್ ಹಾಕಿದ್ರೆ ಮುಖ ಬೆಳ್ಳಗೆ ಸುಣ್ಣ ಬಳಿದ ಹಾಗೆ, ಹಿಂದಿನ ಗೋಡೆ ಮೇಲೆ ಕಪ್ಪು ನೆರಳು. ಕಮ್ಮಿ ಖರ್ಚಲ್ಲಿ ಒಳ್ಳೆ ಎಕ್ಸ್‌ಟರ್ನಲ್ ಫ್ಲ್ಯಾಶ್ ಯಾವುದು? ಗೈಡ್ ನಂಬರ್ 60 ಇರೋದೇ ತಗೋ ಅಂತ ಫ್ರೆಂಡ್ ಹೇಳ್ತಾನೆ, ಸರೀನಾ?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ಮಾತಲ್ಲಿ ಎಷ್ಟು ಸಲ ಬಂದಿದೆ ಅಂದ್ರೆ ಈ ಸಲ ಹೆಚ್ಚು ಜಾಗ ಇದಕ್ಕೇ ಕೊಡ್ತಿದೀನಿ. ಎಲ್ಲಾ ಬರೆದಿದೀರ, ಕ್ಯಾಮೆರಾ ಮಾಡೆಲ್ ಒಂದು ಬಿಟ್ಟು. ಎಲ್ಲರೂ ಬಿಡೋದು ಅದನ್ನೇ. ನಿಮ್ಮ ಮಾಡೆಲ್ ಕೇಳದೇನೇ "ಇದು ತಗೊಳ್ಳಿ, ಸೂಪರ್" ಅಂತ ಹೇಳೋರ ಮಾತು ಕೇಳಬೇಡಿ, ಅವರು ಅಂಗಡಿಯವರಾಗಿರ್ಲಿ, ವಿಡಿಯೊ ಮಾಡೋರಾಗಿರ್ಲಿ, ನಿಮ್ಮ ಫ್ರೆಂಡೇ ಆಗಿರ್ಲಿ.

ಯಾಕೆ ಅಂತ ಹೇಳ್ತೀನಿ. ಈಗಲೇ ಕ್ಯಾಮೆರಾ ತಗೊಂಡು ಅದರ ತಲೆ ಮೇಲಿರೋ ಹಾಟ್ ಶೂ, ಅಂದ್ರೆ ಫ್ಲ್ಯಾಶ್ ಕೂರಿಸೋ ಜಾಗ, ನೋಡಿ. ಮಧ್ಯದಲ್ಲಿ ಒಂದು ದೊಡ್ಡ ದುಂಡು ಲೋಹದ ಚುಕ್ಕಿ ಇದೆಯಾ? ಅದೇ ನಡು ಪಿನ್. ಕಮ್ಮಿ ದುಡ್ಡಿನ, ಪವರ್ ನಾವೇ ಸೆಟ್ ಮಾಡೋ ಮ್ಯಾನುಯಲ್ ಫ್ಲ್ಯಾಶ್‌ಗಳಿಗೆಲ್ಲಾ ಆ ಒಂದು ಪಿನ್ನೇ ಆಧಾರ, ಅದರಿಂದ ಸಿಗ್ನಲ್ ಬಂದ್ರೆ ಹೊಡೀತವೆ, ಇಲ್ದಿದ್ರೆ ಇಲ್ಲ. ಕ್ಯಾನನ್‌ನವರು 3000ಡಿ, 1500ಡಿ, 200ಡಿ ಮಾರ್ಕ್ 2 ಈ ಥರದ ಶುರುವಿನ ಕ್ಯಾಮೆರಾಗಳಲ್ಲೇ ಆ ನಡು ಪಿನ್ ತೆಗೆದುಹಾಕಿದ್ರು. ಹೊಸದಾಗಿ ಕಲಿಯೋರಿಗೆ ಅಂತ ಮಾಡಿದ ಕ್ಯಾಮೆರಾಗೆ, ಹೊಸದಾಗಿ ಕಲಿಯೋರು ಕೊಳ್ಳೋ ಫ್ಲ್ಯಾಶೇ ಕೆಲಸ ಮಾಡಲ್ಲ! ನನಗೆ ಇದು ಇವತ್ತಿಗೂ ಸಿಟ್ಟು ಬರಿಸೋ ವಿಷಯ, ಯಾಕಂದ್ರೆ ಎಷ್ಟೋ ಜನ ಫ್ಲ್ಯಾಶ್ ಕೆಟ್ಟಿದೆ ಅಂದ್ಕೊಂಡು ವಾಪಸ್ ಮಾಡಿ ಇನ್ನೊಂದು ತರಿಸಿ ಅದೂ ಹೊಡೀದೆ ಕಡೆಗೆ ಕ್ಯಾಮೆರಾನೇ ರಿಪೇರಿಗೆ ಕೊಡೋಕೆ ಹೊರಟಿರ್ತಾರೆ. ಯಾವುದೂ ಕೆಟ್ಟಿಲ್ಲ ಸ್ವಾಮಿ, ಪಿನ್ನೇ ಇಲ್ಲ. ಮಾಡೆಲ್ ಹೆಸರು ಒಂದನ್ನೇ ನೋಡಿ ನಿರ್ಧಾರ ಮಾಡಬೇಡಿ, ನಿಮ್ಮ ಕೈಯಲ್ಲಿರೋ ಕ್ಯಾಮೆರಾದ ಶೂ ನೋಡಿ. ನಡು ಪಿನ್ ಇಲ್ಲ ಅಂದ್ರೆ ಕ್ಯಾನನ್‌ಗೇ ಅಂತ ಮಾಡಿದ ಟಿಟಿಎಲ್ (ಬೆಳಕು ಅಳೆದು ಪವರ್ ತಾನೇ ಹೊಂದಿಸ್ಕೊಳ್ಳೋ) ಫ್ಲ್ಯಾಶೇ ಬೇಕು, ಅದನ್ನೂ ನಿಮ್ಮ ಕ್ಯಾಮೆರಾ ಮೇಲೇ ಕೂರಿಸಿ ಹತ್ತು ಸಲ ಹೊಡೆದು ನೋಡಿ ಆಮೇಲೆ ದುಡ್ಡು ಕೊಡಿ.

ಕ್ಯಾನನ್ ಒಂದೇ ಅಲ್ಲ. ಅವರದ್ದೇ ಮಿರರ್‌ಲೆಸ್ ಆರ್50ರಲ್ಲಿ ಶೂ ಹೊಸ ಥರದ್ದು, ಹಳೇ ಫ್ಲ್ಯಾಶ್ ಕೂರಿಸೋಕೆ ಅಡಾಪ್ಟರ್ ಬೇಕಾಗತ್ತೆ, ಆ ಖರ್ಚೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ಸೋನಿಯಲ್ಲಿ 2012ಕ್ಕೆ ಮುಂಚಿನ ಶೂ ಆಕಾರಾನೇ ಬೇರೆ, ಆಮೇಲೆ ಬಂದ ಮಲ್ಟಿ ಇಂಟರ್‌ಫೇಸ್ ಶೂ ಬೇರೆ, ಸೆಕೆಂಡ್ ಹ್ಯಾಂಡ್ ಫ್ಲ್ಯಾಶ್ ತಗೊಳ್ಳೋರು ಇಲ್ಲಿ ಎಡವ್ತಾರೆ. ನಿಕಾನ್‌ನಲ್ಲಿ ಈ ಪಿನ್ ಕಾಟ ಇಲ್ಲ, ಆದ್ರೆ ಬೇರೆ ಒಂದಿದೆ: ಡಿ3500, ಡಿ5600 ಈ ಸಾಲಿನ ಕ್ಯಾಮೆರಾಗಳಿಗೆ ಹೈ ಸ್ಪೀಡ್ ಸಿಂಕ್ (ಎಚ್‌ಎಸ್‌ಎಸ್, ಅಂದ್ರೆ ತುಂಬಾ ವೇಗದ ಶಟರ್ ಇಟ್ಟಾಗಲೂ ಫ್ಲ್ಯಾಶ್ ಹೊಡೆಯೋದು) ಅನ್ನೋದೇ ಇಲ್ಲ. ಫ್ಲ್ಯಾಶ್ ಡಬ್ಬದ ಮೇಲೆ ಎಚ್‌ಎಸ್‌ಎಸ್ 1/8000 ಅಂತ ಎಷ್ಟು ದಪ್ಪಕ್ಕೆ ಬರೆದಿದ್ರೂ ಫ್ಲ್ಯಾಶ್ ಹಾಕಿದಾಗ ನಿಮ್ಮ ಕ್ಯಾಮೆರಾದ ಶಟರ್ 1/200 ದಾಟಲ್ಲ. ಅದಕ್ಕೋಸ್ಕರ ಜಾಸ್ತಿ ದುಡ್ಡು ಕೊಟ್ಟೋರು ನನಗೇ ಗೊತ್ತಿರೋರು ಸುಮಾರು ಜನ ಇದಾರೆ.

ಶೂ ಆಯ್ತು. ಎರಡನೇದು ತಲೆ, ಫ್ಲ್ಯಾಶಿನ ತಲೆ. ಅದು ಮೇಲಕ್ಕೂ ಏಳಬೇಕು, ಪಕ್ಕಕ್ಕೂ ತಿರುಗಬೇಕು, ಎರಡೂ ಆಗ್ಲೇಬೇಕು. ಬರೀ ಮೇಲಕ್ಕೆ ಏಳೋದಾದ್ರೆ ಕ್ಯಾಮೆರಾ ಅಡ್ಡ ಇದ್ದಾಗ ಸರಿ, ಉದ್ದುದ್ದ ಹಿಡಿದ ತಕ್ಷಣ ಆ ತಲೆ ಗೋಡೆ ಕಡೆ ತಿರುಗಿರತ್ತೆ. ನೀವು ಹೇಳ್ತಿರೋ ಸುಣ್ಣದ ಮುಖ, ಕಪ್ಪು ನೆರಳು ಎರಡಕ್ಕೂ ಕಾರಣ ಬೆಳಕಿನ ಶಕ್ತಿ ಅಲ್ಲ, ಬೆಳಕು ಬರ್ತಿರೋ ಜಾಗ ಸಣ್ಣದು ಮತ್ತೆ ಲೆನ್ಸಿನ ನೇರಕ್ಕೇ ಇದೆ, ಅಷ್ಟೇ. ದೊಡ್ಡ ಫ್ಲ್ಯಾಶ್ ತಂದು ಅದನ್ನೂ ನೇರ ಮುಖಕ್ಕೇ ಹೊಡೆದ್ರೆ ಅದೇ ಸುಣ್ಣ, ಅದೇ ನೆರಳು. ತಲೆ ಎತ್ತಿ ಸೀಲಿಂಗಿಗೆ ಹೊಡೀರಿ, ಸೀಲಿಂಗ್ ಪೂರ್ತಿ ಒಂದು ದೊಡ್ಡ ದೀಪ ಆಗತ್ತೆ, ಬೆಳಕು ಮೇಲಿಂದ ಮೆತ್ತಗೆ ಇಳಿಯತ್ತೆ. ಸೀಲಿಂಗಿಗಿಂತ ಪಕ್ಕದ ಬಿಳಿ ಗೋಡೆಗೆ ಹೊಡೆದ್ರೆ ನನಗಂತೂ ಇನ್ನೂ ಇಷ್ಟ, ಕಿಟಕಿ ಬೆಳಕಿನ ಹಾಗೆ ಮುಖದ ಒಂದು ಕಡೆಯಿಂದ ಬರತ್ತೆ, ಕಣ್ಣಲ್ಲಿ ಜೀವ ಕಾಣತ್ತೆ. ಗೋಡೆಗೆ ಹಸಿರು ಬಣ್ಣ ಇದ್ರೆ ಮಾತ್ರ ಮುಖಾನೂ ಹಸಿರಾಗತ್ತೆ, ಆ ಗೋಡೆ ಬಿಟ್ಟುಬಿಡಿ.

ಈಗ ಗೈಡ್ ನಂಬರ್, ಅಂದ್ರೆ ಫ್ಲ್ಯಾಶಿನ ಬೆಳಕು ಎಷ್ಟು ದೂರ ಸಾಕಾಗತ್ತೆ ಅಂತ ಲೆಕ್ಕ ಹಾಕೋ ಅಂಕಿ. ಫ್ರೆಂಡ್ ಹೇಳಿದ 60 ಸುಳ್ಳಲ್ಲ, ಆದ್ರೆ ಅದು ತಲೆಯನ್ನ 200 ಎಂಎಂ ಜೂಮಿಗೆ ಇಟ್ಟು, ಬೆಳಕನ್ನೆಲ್ಲಾ ಒಂದು ಕಿರಿದಾದ ಕೊಳವೆಗೆ ತುಂಬಿದ ಹಾಗೆ ಮಾಡಿ, ಐಎಸ್‌ಒ 100ರಲ್ಲಿ (ಐಎಸ್‌ಒ ಅಂದ್ರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) ಅಳೆದ ಲೆಕ್ಕ. ಅದೇ ಫ್ಲ್ಯಾಶನ್ನ 35 ಎಂಎಂಗೆ ತಂದ್ರೆ ಸುಮಾರು 36ರ ಹತ್ತಿರ ನಿಲ್ಲತ್ತೆ. ಇನ್ನೊಬ್ಬ ಕಂಪನಿಯವನು 105 ಎಂಎಂನಲ್ಲಿ ಅಳೆದು 58 ಅಂತ ಬರೆದಿರ್ತಾನೆ. ಅಳೆದ ಜಾಗಾನೇ ಬೇರೆ, ಹಾಗಾಗಿ ಬರೀ ಆ ಎರಡು ಅಂಕಿ ಇಟ್ಕೊಂಡು 60 ದೊಡ್ಡದು ಅನ್ನೋಕಾಗಲ್ಲ. ಹೋಲಿಸೋದಿದ್ರೆ ಎರಡನ್ನೂ ಒಂದೇ ಜೂಮಲ್ಲಿ ಹೋಲಿಸಿ. ಆಮೇಲೆ ಗೈಡ್ ನಂಬರ್ ಎರಡು ಪಟ್ಟು ಆದ್ರೆ ಬೆಳಕು ನಾಲ್ಕು ಪಟ್ಟು ಅಂತ ಅರ್ಥ, 54ಕ್ಕೂ 60ಕ್ಕೂ ಇರೋ ವ್ಯತ್ಯಾಸ ನಿಮ್ಮ ಫೋಟೊದಲ್ಲಿ ಕಣ್ಣಿಗೆ ಬೀಳೋದೂ ಕಷ್ಟ.

ಲೆಕ್ಕ ಸುಲಭ. ಗೈಡ್ ನಂಬರನ್ನ ಅಪರ್ಚರ್ ನಂಬರಿಂದ (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅಂತ ಹೇಳೋ ಎಫ್ ಅಂಕಿ) ಭಾಗಿಸಿದ್ರೆ ಎಷ್ಟು ಮೀಟರ್ ದೂರ ಬೆಳಕು ಸಾಕಾಗತ್ತೆ ಅಂತ ಸಿಗತ್ತೆ. ನಿಮ್ಮ ಲೆನ್ಸ್ 55ರಲ್ಲಿ ಎಫ್ 5.6, ಅಂದ್ರೆ 36 ಭಾಗಿಸು 5.6, ಆರು ಮೀಟರ್ ಚಿಲ್ಲರೆ. ಐಎಸ್‌ಒ 400 ಮಾಡಿದ್ರೆ ದೂರ ಡಬಲ್, ಹನ್ನೆರಡು ಮೀಟರ್ ದಾಟತ್ತೆ. ಕ್ಯಾಮೆರಾದಲ್ಲೇ ಇರೋ ಪುಟ್ಟ ಫ್ಲ್ಯಾಶ್ ಗೈಡ್ ನಂಬರ್ 10ರ ಆಸುಪಾಸು, ಅದೇ ಲೆಕ್ಕ ಹಾಕಿ ನೋಡಿ, ಎರಡು ಮೀಟರೂ ಬರಲ್ಲ. ಸೀಲಿಂಗಿಗೆ ಹೊಡೆದಾಗ ಬೆಳಕು ಮೇಲೆ ಹೋಗಿ ಕೆಳಗೆ ಬರಬೇಕು, ದಾರೀಲಿ ಚದುರತ್ತೆ, ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ ಆಗೋದು) ಹೋಗತ್ತೆ ಅಂತ ಇಟ್ಕೊಳ್ಳಿ. ಆದ್ರೂ ಮಾಮೂಲಿ ರೂಮಲ್ಲಿ ಐಎಸ್‌ಒ 800ಕ್ಕೆ ಇಟ್ರೆ 35 ಎಂಎಂನಲ್ಲಿ 36 ಇರೋ ಫ್ಲ್ಯಾಶ್ ಧಾರಾಳ ಸಾಕು. ದೊಡ್ಡ ಹಾಲ್, ಎತ್ತರದ ಸೀಲಿಂಗ್, ಅಲ್ಲಿ ಬೌನ್ಸ್, ಅಂದ್ರೆ ಹೀಗೆ ಸೀಲಿಂಗಿಗೋ ಗೋಡೆಗೋ ಹೊಡೆದು ಬೆಳಕು ವಾಪಸ್ ತರೋದು, ಆಗಲ್ಲ, ಅಂಥ ಕಡೆ ಫ್ಲ್ಯಾಶನ್ನ ಕ್ಯಾಮೆರಾದಿಂದ ಬಿಡಿಸಿ ಪಕ್ಕದಲ್ಲಿ ನಿಲ್ಲಿಸಬೇಕು, ಅದಕ್ಕೇ ಒಳಗೇ ರೇಡಿಯೊ ರಿಸೀವರ್ ಇರೋದನ್ನೇ ತಗೊಳ್ಳಿ ಅಂತ ಹೇಳೋದು. ಇವತ್ತು ಟ್ರಿಗರ್ (ದೂರದ ಫ್ಲ್ಯಾಶಿಗೆ ಹೊಡಿ ಅಂತ ಕ್ಯಾಮೆರಾದಿಂದ ಸಿಗ್ನಲ್ ಕಳಿಸೋದು) ಇಲ್ದಿದ್ರೂ ನಾಳೆ ತಗೋತೀರ.

ಮ್ಯಾನುಯಲ್ಲೋ ಟಿಟಿಎಲ್ಲೋ? ನಡು ಪಿನ್ ಇದೆ, ಖರ್ಚು ಕಮ್ಮಿ ಇರಬೇಕು ಅಂದ್ರೆ ಮ್ಯಾನುಯಲ್ಲೇ ತಗೊಳ್ಳಿ ಅಂತ ಕಣ್ಣು ಮುಚ್ಚಿ ಹೇಳ್ತೀನಿ. ಗೊಡಾಕ್ಸ್ ಟಿಟಿ600 ಅಥವಾ ಯಾಂಗ್ನುವೊ ವೈಎನ್560ರ ನಾಲ್ಕನೇ ಆವೃತ್ತಿ, ಎರಡರಲ್ಲೂ ರೇಡಿಯೊ ಒಳಗೇ ಇದೆ, ತಲೆ ಎಲ್ಲಾ ಕಡೆ ತಿರುಗತ್ತೆ. ಸೋನಿಯವರು ಟಿಟಿ600 ತಗೊಳ್ಳೋದಾದ್ರೆ ಕೊನೇಲಿ ಎಸ್ ಅಕ್ಷರ ಇರೋದನ್ನ ನೋಡಿ ತಗೊಳ್ಳಿ. ಮ್ಯಾನುಯಲ್ ಕಷ್ಟ ಅಂತ ಹೆದರಿಸೋರು ಬೌನ್ಸ್ ಮಾಡಿ ನೋಡಿರಲ್ಲ. ಬೆಳಕು ಸೀಲಿಂಗಿಂದ ಬರ್ತಿದ್ರೆ ಮಗು ರೂಮಲ್ಲಿ ಎರಡು ಹೆಜ್ಜೆ ಮುಂದೆ ಹಿಂದೆ ಓಡಾಡಿದ್ರೂ ಬೆಳಕು ಹೆಚ್ಚು ಕಮ್ಮಿ ಅಷ್ಟೇ ಇರತ್ತೆ, ಒಂದು ಸಲ ಸೆಟ್ ಮಾಡಿದ್ರೆ ಇಡೀ ಸಂಜೆ ಮತ್ತೆ ಮುಟ್ಟಬೇಕಾಗಿಲ್ಲ. ಎಂ ಮೋಡ್, ಶಟರ್ 1/160, ಎಫ್ 5.6, ಐಎಸ್‌ಒ 800, ಫ್ಲ್ಯಾಶ್ ಪವರ್ 1/4. ಒಂದು ಹೊಡೀರಿ, ಕಪ್ಪಾದ್ರೆ 1/2, ಬಿಳಿಯಾದ್ರೆ 1/8. ರೂಮಿನ ಬಲ್ಬಿನ ಬೆಳಕೂ ಸ್ವಲ್ಪ ಬರ್ಲಿ ಅಂದ್ರೆ ಶಟರ್ ನಿಧಾನ ಮಾಡಿ, ಶಟರ್ ನಿಧಾನ ಆದ್ರೆ ಫ್ಲ್ಯಾಶ್ ಬೆಳಕು ಬದಲಾಗಲ್ಲ. ಈ ಒಂದು ಮಾತು ಅರ್ಥ ಆದ್ರೆ ಫ್ಲ್ಯಾಶ್ ಅರ್ಧ ಅರ್ಥ ಆದ ಹಾಗೆ, ದಯವಿಟ್ಟು ಇದನ್ನ ಕೂತು ಮಾಡಿ ನೋಡಿ, ಓದಿ ಬಿಡಬೇಡಿ.

ಟಿಟಿಎಲ್ ಕೆಟ್ಟದ್ದಲ್ಲ. ಒಂದು ಸಣ್ಣ ಮಿಂಚು ಮೊದ್ಲು ಹೊಡೆದು, ವಾಪಸ್ ಬಂದಿದ್ದನ್ನ ಅಳೆದು, ಆಮೇಲೆ ನಿಜವಾದ್ದು ಹೊಡೆಯತ್ತೆ, ಇದೆಲ್ಲಾ ಕಣ್ಣು ಮಿಟುಕಿಸೋದ್ರೊಳಗೆ. ಹೊರಗೆ ಒಳಗೆ ಓಡಾಡ್ಕೊಂಡು ಸಿಕ್ಕಿದ್ದು ಸಿಕ್ಕ ಹಾಗೆ ತೆಗೆಯೋರಿಗೆ ಅದು ಬೇಕು. ಆದ್ರೆ ಬಿಳಿ ಬಟ್ಟೆ ಎದುರಿಗೆ ಬಂದ್ರೆ ಫೋಟೊ ಮಂಕಾಗತ್ತೆ, ಕಪ್ಪು ಬಟ್ಟೆ ಬಂದ್ರೆ ಮುಖ ಬಿಳಿಚಿಕೊಳ್ಳತ್ತೆ, ಕಾಂಪನ್ಸೇಶನ್, ಅಂದ್ರೆ ಫ್ಲ್ಯಾಶ್ ಬೆಳಕನ್ನ ಹೆಚ್ಚು ಕಮ್ಮಿ ಮಾಡೋ ಸೆಟ್ಟಿಂಗ್, ತಿರುಗಿಸೋದು ಕಲೀಲೇಬೇಕು. ತಗೊಳ್ಳೋದಾದ್ರೆ ಗೊಡಾಕ್ಸ್ ಟಿಟಿ685 ಸಾಲಲ್ಲಿ ನಿಮ್ಮ ಬ್ರ್ಯಾಂಡ್‌ಗೆ ಮಾಡಿದ್ದನ್ನೇ ತಗೊಳ್ಳಿ. ಕ್ಯಾನನ್‌ಗೆ ಮಾಡಿದ್ದು ನಿಕಾನ್ ಮೇಲೆ ಕೂರತ್ತೆ, ಕೂತ ಮಾತ್ರಕ್ಕೆ ಟಿಟಿಎಲ್ ನಡೆಯಲ್ಲ. ಕ್ಯಾಮೆರಾ ತುಂಬಾ ಸಣ್ಣದಿದ್ರೆ ಟಿಟಿ350 ಥರದ್ದು ಹಗುರ, ಎರಡೇ ಸೆಲ್ಲು, ಆದ್ರೆ ಬೌನ್ಸಿಗೆ ಬೇಗ ಸುಸ್ತಾಗತ್ತೆ.

ಪ್ರಶ್ನೆ: ಮನೇಲಿ ಫಿಲಂ ಕಾಲದ ಹಳೇ ಫ್ಲ್ಯಾಶ್ ಇದೆ, ಚೆನ್ನಾಗೇ ಮಿಂಚತ್ತೆ. ಡಿಜಿಟಲ್ ಕ್ಯಾಮೆರಾ ಮೇಲೆ ಹಾಕಬಹುದಾ?

ಉತ್ತರ: ಅಳೆಯದೇ ಹಾಕಬೇಡಿ. ಆ ಕಾಲದ ಕೆಲವು ಫ್ಲ್ಯಾಶ್‌ಗಳ ಪಿನ್ನಲ್ಲಿ 200 ವೋಲ್ಟ್ ದಾಟಿ ಇರತ್ತೆ, ಆಗ ಕ್ಯಾಮೆರಾದಲ್ಲಿ ಬರೀ ಲೋಹದ ಸ್ವಿಚ್ ಇತ್ತು, ತಡ್ಕೊಳ್ತಿತ್ತು. ಈಗ ಇರೋದು ಸೂಕ್ಷ್ಮ ಸರ್ಕ್ಯೂಟ್. ಕೆಲವು ಹೊಸ ಕ್ಯಾಮೆರಾ ಅಷ್ಟನ್ನೂ ತಡ್ಕೊಳ್ತವೆ, ಕೆಲವು ಹತ್ತು ವೋಲ್ಟಿಗೇ ತೊಂದರೆ ಮಾಡ್ಕೋತವೆ. ನಾನು ಕಲಿಯೋ ಕಾಲದಲ್ಲಿ "ಏನೂ ಆಗಲ್ಲ ಹಾಕು" ಅಂದವರ ಮಾತು ಕೇಳಿ ಹಾಕಿದ್ದೆ, ನಾಲ್ಕನೇ ಹೊಡೆತಕ್ಕೆ ಶೂ ಸತ್ತುಹೋಯ್ತು, ಆ ಕ್ಯಾಮೆರಾದಲ್ಲಿ ಮತ್ತೆ ಯಾವ ಫ್ಲ್ಯಾಶೂ ಹೊಡೀಲಿಲ್ಲ. ಫ್ಲ್ಯಾಶ್ ಪೂರ್ತಿ ಚಾರ್ಜ್ ಮಾಡಿ ಮಲ್ಟಿಮೀಟರಿನ ಒಂದು ಕಡ್ಡಿ ನಡು ಪಿನ್‌ಗೆ, ಇನ್ನೊಂದು ಶೂ ಪಕ್ಕದ ಲೋಹಕ್ಕೆ ಇಟ್ಟು ನೋಡಿ. ಆರು ವೋಲ್ಟಿನ ಒಳಗಿದ್ರೆ ನಾನು ಹಾಕ್ತೀನಿ, ಅದಕ್ಕಿಂತ ಜಾಸ್ತಿ ಇದ್ರೆ ನನ್ನ ಕ್ಯಾಮೆರಾ ಹತ್ತಿರಾನೂ ತರಲ್ಲ.

ಪ್ರಶ್ನೆ: ಫೋಟೊದಲ್ಲಿ ಅರ್ಧ ಕಪ್ಪು ಪಟ್ಟಿ ಬರ್ತಿದೆ, ಫ್ಲ್ಯಾಶ್ ಡಿಫೆಕ್ಟಾ?

ಉತ್ತರ: ಇಲ್ಲ, ಶಟರ್ ತುಂಬಾ ವೇಗ ಆಗಿದೆ, 1/200 ಅಥವಾ ಅದಕ್ಕಿಂತ ನಿಧಾನ ಮಾಡಿ, ಕೆಲವು ಕ್ಯಾಮೆರಾಗೆ 1/160 ಬೇಕಾಗತ್ತೆ.

ಪ್ರಶ್ನೆ: ಹೊರಗಡೆ ಬಯಲಲ್ಲಿ ತೆಗೆಯುವಾಗ ಫ್ಲ್ಯಾಶಿಗೆ ಹಾಕೋ ಬಿಳಿ ಪ್ಲಾಸ್ಟಿಕ್ ಟೋಪಿ ಹಾಕಿದ್ರೆ ಬೆಳಕು ಮೆತ್ತಗಾಗತ್ತಾ?

ಉತ್ತರ: ಆಗಲ್ಲ. ಅದು ಕೆಲಸ ಮಾಡೋದು ಸುತ್ತ ಗೋಡೆ ಸೀಲಿಂಗ್ ಇದ್ದಾಗ, ಬಯಲಲ್ಲಿ ನಿಮ್ಮ ಸೆಲ್ ತಿನ್ನತ್ತೆ ಅಷ್ಟೇ.

ಪ್ರಶ್ನೆ: ಫ್ಲ್ಯಾಶ್ ಬದಲು ಎಲ್‌ಇಡಿ ವಿಡಿಯೊ ಲೈಟ್ ತಗೊಂಡ್ರೆ ಎರಡಕ್ಕೂ ಆಗಲ್ವಾ?

ಉತ್ತರ: ವಿಡಿಯೊ ಮಾಡೋದಿದ್ರೆ ತಗೊಳ್ಳಿ. ಓಡೋ ಮಗುವನ್ನ ಹಿಡಿದು ನಿಲ್ಲಿಸೋಕೆ ಅಂಗೈ ಅಗಲದ ಎಲ್‌ಇಡಿ ಸಾಲಲ್ಲ, ಫ್ಲ್ಯಾಶ್ ಕಮ್ಮಿ ಪವರಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಮ್ಮಿ ಹೊತ್ತಲ್ಲಿ ಹೊಡೆದು ಮುಗಿಸತ್ತೆ, ಅದಕ್ಕೇ ಅಲ್ಲಾಡೋದು ಕಾಣಲ್ಲ.

ಪ್ರಶ್ನೆ: ಕೂಸಿನ ಫೋಟೊಗೆ ಫ್ಲ್ಯಾಶ್ ಹಾಕಿದ್ರೆ ಕಣ್ಣು ಹೋಗತ್ತೆ ಅಂತಾರಲ್ಲ?

ಉತ್ತರ: ಮಾಮೂಲಿ ಕ್ಯಾಮೆರಾ ಫ್ಲ್ಯಾಶಿಂದ ಕಣ್ಣು ಹೋಗಲ್ಲ, ಈ ಸುದ್ದಿ ಹಬ್ಬಿಸೋದು ನಿಲ್ಲಿಸಿ. ಹಾಗಂತ ಮುಖದ ಹತ್ತಿರ ಹಿಡಿದು ನೇರಕ್ಕೆ ಹೊಡೀಬೇಡಿ, ಕೂಸು ಬೆಚ್ಚಿಬೀಳತ್ತೆ, ಫೋಟೊನೂ ಚೆನ್ನಾಗಿ ಬರಲ್ಲ. ನಾನಂತೂ ಕೂಸಿದ್ರೆ ನನ್ನ ಹಿಂದಿನ ಗೋಡೆಗೆ ತಿರುಗಿಸಿಯೇ ಹೊಡೆಯೋದು.

ಪ್ರಶ್ನೆ: ಎಎ ಸೈಜಿನದ್ದೇ 3.7 ವೋಲ್ಟ್ ಲಿಥಿಯಂ ಸೆಲ್ ಹಾಕಿದ್ರೆ ಬೇಗ ಚಾರ್ಜ್ ಆಗತ್ತೆ ಅಂತ ಒಬ್ಬರು ಹೇಳಿದ್ರು.

ಉತ್ತರ: ಹಾಗೆ ಹೇಳಿದವರನ್ನ ಇನ್ಮೇಲೆ ಏನೂ ಕೇಳಬೇಡಿ. ಅದು 14500 ಅನ್ನೋ ಸೆಲ್, ಅಳತೆ ಒಂದೇ, ವೋಲ್ಟೇಜ್ ಬೇರೆ. ನಾಲ್ಕು ಹಾಕಿದ್ರೆ ಆರು ವೋಲ್ಟಿನ ಜಾಗಕ್ಕೆ ಹದಿನೈದರ ಹತ್ತಿರ ಹೋಗತ್ತೆ, ಫ್ಲ್ಯಾಶ್ ಸುಡತ್ತೆ. ರೀಚಾರ್ಜ್ ಆಗೋ ನಿಕೆಲ್ ಮೆಟಲ್ ಹೈಡ್ರೈಡ್ ಎಎ ಸೆಲ್ ಎಂಟು ತಗೊಂಡು ನಾಲ್ಕು ನಾಲ್ಕು ಜೋಡಿ ಮಾಡಿ ಇಟ್ಕೊಳ್ಳಿ, ಹಳೇದು ಹೊಸದು ಬೆರೆಸಬೇಡಿ.

ಪ್ರಶ್ನೆ: ಬಿದ್ದುಹೋದ ಫ್ಲ್ಯಾಶನ್ನ ವಿಡಿಯೊ ನೋಡ್ಕೊಂಡು ಮನೇಲೇ ಬಿಚ್ಚಿ ರಿಪೇರಿ ಮಾಡಬಹುದಾ?

ಉತ್ತರ: ಬೇಡ. ಸೆಲ್ ತೆಗೆದ ಮೇಲೂ ಒಳಗಿನ ಕೆಪಾಸಿಟರಲ್ಲಿ 300 ವೋಲ್ಟಿನಷ್ಟು ಕೂತಿರತ್ತೆ, ಮುಟ್ಟಿದ್ರೆ ಜೀವಕ್ಕೇ ಅಪಾಯ ಆಗಬಹುದು. ಅಂಥ ವಿಡಿಯೊ ಹಾಕೋರು ಈ ಮಾತನ್ನ ಮೊದಲನೇ ಸಾಲಲ್ಲಿ ಹೇಳದೇ ಇರೋದು ನನಗೆ ತಡೆಯೋಕಾಗದ ವಿಷಯ. ಕೆಲಸ ಗೊತ್ತಿರೋರ ಕೈಗೆ ಕೊಡಿ. ಸುಮ್ನೆ ಎತ್ತಿಡೋದಾದ್ರೆ ಸೆಲ್ ತೆಗೆದಿಡಿ, ತಿಂಗಳಿಗೊಂದು ಸಲ ಹಾಕಿ ಪೂರ್ತಿ ಪವರಲ್ಲಿ ನಾಲ್ಕೈದು ಸಲ ಹೊಡೆದು ಮತ್ತೆ ತೆಗೆದಿಡಿ.