ಪ್ರತಿಕ್ರಿಯೆ: ಕಾಫಿ ಬೀಜ ಆರಿಸುವ ಹೆಂಗಸರು ಯಂತ್ರದ ತರಬೇತಿಗೆ ಯಾಕೆ ಬರ್ತಿಲ್ಲ?

ಹೊತ್ತು ಮತ್ತು ಕೂಲಿಯೇ ಕಾರಣ ಇರಬೇಕು, ಆಸಕ್ತಿ ಇಲ್ಲ ಅಂತ ತೀರ್ಮಾನಿಸಬೇಡಿ. ಕಾಫಿ ಬೀಜ ಸುಲಿದು ವಿಂಗಡಿಸುವ ನಿಮ್ಮ ಕ್ಯೂರಿಂಗ್ ವರ್ಕ್ಸ್‌ನಲ್ಲಿ ತರಬೇತಿ ಸಂಜೆ ಐದೂವರೆಗೆ ಅಂದಿದ್ದೀರಿ. ಆ ಹೊತ್ತಿಗೆ ಕೂತರೆ ಊರಿನ ಬಸ್ ತಪ್ಪುತ್ತೆ, ಅಲ್ವಾ? ಚಿಕ್ಕಮಗಳೂರಿನಲ್ಲಿ ನಾನು ಮೇಲ್ವಿಚಾರಕನಾಗಿದ್ದ ಕಡೆಯೂ ಹೀಗೇ ಆಗಿತ್ತು.

ಮೊದಲು ತರಬೇತಿಯನ್ನು ಕೆಲಸದ ಹೊತ್ತಿನೊಳಗೆ ತನ್ನಿ. ಆ ಗಂಟೆಗಳ ಕೂಲಿ ಪೂರ್ತಿ ಕೊಡಿ. ತೂಕದ ಲೆಕ್ಕದಲ್ಲಿ ಕೂಲಿ ಇದ್ದರಂತೂ ಎದ್ದು ಹೋದಷ್ಟೂ ಅವರಿಗೆ ನಷ್ಟ.

ಆಮೇಲೆ ಇಬ್ಬಿಬ್ಬರನ್ನು ಗ್ರೇಡರ್ (ಬೀಜವನ್ನು ಗಾತ್ರದ ಪ್ರಕಾರ ಜರಡಿ ಹಿಡಿಯುವ ಯಂತ್ರ) ಹತ್ತಿರ ನಿಲ್ಲಿಸಿ, ಒಬ್ಬರನ್ನೇ ಕಳಿಸಬೇಡಿ. ಕಪ್ಪು ಬೀಜ, ಒಡಕು, ಪೀಬೆರಿ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಬೀಜ) ಯಾವುದೆಂದು ಅವರ ಬೆರಳಿಗೇ ಗೊತ್ತು. ಜರಡಿಯಿಂದ ಇಳಿದ ಬೀಜ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿ, "ಇದರಲ್ಲಿ ಏನು ತಪ್ಪಿ ಬಂದಿದೆ?" ಅಂತ ಕೇಳಿ. ಪಾಠ ಅಲ್ಲಿಂದ ಶುರುವಾಗಲಿ. ನಮ್ಮಲ್ಲಿ ಆಪರೇಟರ್‌ಗೆ ಕಾಣದ ಒಡಕನ್ನು ಒಬ್ಬಾಕೆ ನಿಂತಲ್ಲೇ ತೋರಿಸಿದ್ದಳು. ಬೆಲ್ಟಿಗೆ ಸೆರಗು, ಜಡೆ ಸಿಗದ ಹಾಗೆ ಕೋಟು, ಟೋಪಿ ಮೊದಲ ದಿನವೇ ಕೊಡಿ.

ಕಲಿತವರಿಗೆ ಯಾವ ಕೆಲಸ, ಎಷ್ಟು ಕೂಲಿ ಅಂತ ಮೊದಲೇ ಬರೆದು ಗೋಡೆಗೆ ಹಚ್ಚಿ. ಗಂಡಸು ಆಪರೇಟರ್‌ಗೆ ಕೊಡುವಷ್ಟೇ ಇರಲಿ; ಒಂದೇ ಕೆಲಸಕ್ಕೆ ಸಮಾನ ಕೂಲಿ ಅಂತ 1976ರಲ್ಲೇ ಕಾನೂನು ಬಂದಿದೆ. ಬಣ್ಣ ನೋಡಿ ಕೆಟ್ಟ ಬೀಜ ಬೇರ್ಪಡಿಸುವ ಕಲರ್ ಸಾರ್ಟರ್ ಯಂತ್ರ ಬಂದ ಕಡೆ ಕೈಯಲ್ಲಿ ಆರಿಸುವ ಕೆಲಸ ಕಡಿಮೆಯಾಗುತ್ತೆ, ಹಾಗಾಗಿ ತಡ ಮಾಡಬೇಡಿ.

ಮನೆಯಲ್ಲಿ ಒಪ್ಪದಿರುವುದೂ ಕಾರಣ ಇರಬಹುದು, ಇಲ್ಲಿಂದ ಖಚಿತವಾಗಿ ಹೇಳಲಾರೆ. ನಾಳೆ ಟೀ ಹೊತ್ತಲ್ಲಿ, ಮೇಸ್ತ್ರಿ ಎದುರಿಗಿಲ್ಲದಾಗ, ಅವರನ್ನೇ ಕೇಳಿ.